ಮೂವತ್ತೇಳು ವರ್ಷದ ಸಂಪಾದಕಿ: ಎಮಲಿನ್ ವೆಲ್ಸ್ ಅವರ ಬದುಕು

(ಸಂಘದ ವಾರ್ಷಿಕ ಸಮಾವೇಶದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಷ್ಠಿಗೆ ಸಂಘದವರು ಕೊಟ್ಟ ವಿಷಯ ‘ಸಮುದಾಯದ ಏಳಿಗೆಯಲ್ಲಿ ಮಹಿಳೆಯ ಪಾತ್ರ’. ಈ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಹಝ್ರತ್ ಖದೀಜಾ, ಹಝ್ರತ್ ಆಯಿಶಾ (ರ.ಅ.) ಅವರಿಂದಲೇ ಮಾತು ಆರಂಭಿಸುತ್ತೇವೆ. ಅದು ಸರಿಯಾದದ್ದೇ. ಅವರ ಜೀವನದ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲಿದ್ದಾರೆ. ಆದ್ದರಿಂದ ನಾನು ಇಂದು ಬೇರೆ ದೇಶದ, ಬೇರೆ ಧರ್ಮದ ಒಬ್ಬ ಮಹಿಳೆಯ ಬದುಕನ್ನು ನಿಮ್ಮ ಮುಂದಿಡಲು ಅನುಮತಿ ಕೋರುತ್ತೇನೆ. ಅವರ ಹೆಸರು ಎಮಲಿನ್ ವೆಲ್ಸ್. ಅಮೆರಿಕದಲ್ಲಿ 1828ರಲ್ಲಿ ಹುಟ್ಟಿ 1921ರಲ್ಲಿ ತೀರಿಕೊಂಡವರು. ಮಾರ್ಮನ್ ಎಂಬ ಪಂಥಕ್ಕೆ ಸೇರಿದವರು.

ಇವರನ್ನೇ ಏಕೆ ಆರಿಸಿಕೊಂಡೆ ಎಂದು ನೀವು ಕೇಳಬಹುದು. ಇವರ ಸಮುದಾಯ ತನ್ನ ದೇಶದಲ್ಲಿ ಸಣ್ಣದು. ಸುತ್ತಲಿನ ಬಹುಸಂಖ್ಯಾತರು ಅದನ್ನು ಅನುಮಾನದಿಂದ ನೋಡುತ್ತಿದ್ದರು. ಆ ಸಮುದಾಯದ ಹೆಂಗಸರ ಬಗ್ಗೆ ದೇಶದ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು. ಅವರು ಪಾಪ, ಗುಲಾಮರು, ಅವರನ್ನು ಪಾರು ಮಾಡಬೇಕು ಎಂದು ಸಂಸತ್ತಿನಲ್ಲಿ ಭಾಷಣಗಳಾಗುತ್ತಿದ್ದವು. ಅವರ ಪರವಾಗಿ ಅವರ ಗಂಡಸರೂ ಮಾತನಾಡುತ್ತಿದ್ದರು. ಆ ಹೆಂಗಸರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಇದನ್ನು ಕೇಳಿದಾಗ ನಮ್ಮ ಟಿ.ವಿ. ಚರ್ಚೆಗಳು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ಅಂಥ ಪರಿಸ್ಥಿತಿಯಲ್ಲಿ ಒಬ್ಬ ಶಾಲಾ ಶಿಕ್ಷಕಿ ಲೇಖನಿ ಹಿಡಿದರು, 37 ವರ್ಷ ಒಂದು ಪತ್ರಿಕೆಯನ್ನು ಸಂಪಾದಿಸಿದರು. ಅವರು ಏನು ಸಾಧಿಸಿದರು, ಏನನ್ನು ಹೇಳಲಾರದೆ ಹೋದರು, ಎರಡರಿಂದಲೂ ನಾವು ಕಲಿಯುವುದಿದೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಮಾರ್ಮನ್ನರ ಅಖೀದೆಗೂ ನಮ್ಮ ಅಖೀದೆಗೂ ಬುಡದಲ್ಲೇ ವ್ಯತ್ಯಾಸವಿದೆ. ಹಝ್ರತ್ ಮುಹಮ್ಮದ್ (ಸ.ಅ.) ಅವರು ಅಂತಿಮ ಪ್ರವಾದಿ ಎಂಬುದು ನಮ್ಮ ಈಮಾನ್. ಅವರು 19ನೇ ಶತಮಾನದ ಜೋಸೆಫ್ ಸ್ಮಿತ್ ಎಂಬವರನ್ನು ಪ್ರವಾದಿಯೆಂದು ನಂಬುತ್ತಾರೆ. ನಾವು ಇಲ್ಲಿ ಅವರ ನಂಬಿಕೆಯ ಚರ್ಚೆಗೆ ಕುಳಿತಿಲ್ಲ. ಜ್ಞಾನ ಎಲ್ಲಿದ್ದರೂ ಹೋಗಿ ಕಲಿಯಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಆ ದೃಷ್ಟಿಯಿಂದ ಮಾತ್ರ ಈ ಬದುಕನ್ನು ನೋಡೋಣ.

ಜೋಸೆಫ್ ಸ್ಮಿತ್ ತಮ್ಮ ಚರ್ಚನ್ನು ಸ್ಥಾಪಿಸಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಹೋದ ಹೋದ ಕಡೆ ಅವರ ಅನುಯಾಯಿಗಳಿಗೆ ವಿರೋಧ ಎದುರಾಯಿತು. ಕೊನೆಗೆ ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಡದಲ್ಲಿ ನೌವೂ ಎಂಬ ಊರು ಕಟ್ಟಿಕೊಂಡರು. 1842ರ ಮಾರ್ಚ್ 17ರಂದು ಆ ಊರಿನಲ್ಲಿ 20 ಮಂದಿ ಹೆಂಗಸರು ಸೇರಿ ಬಡವರ ನೆರವಿಗೆ ‘ರಿಲೀಫ್ ಸೊಸೈಟಿ’ ಎಂಬ ಮಹಿಳಾ ಸಂಘವನ್ನು ಆರಂಭಿಸಿದರು. ಸ್ಮಿತ್ ಅವರ ಪತ್ನಿ ಎಮ್ಮಾ ಅಧ್ಯಕ್ಷೆ, ಎಲೈಜಾ ಸ್ನೋ ಎಂಬ ಕವಯಿತ್ರಿ ಕಾರ್ಯದರ್ಶಿ. 1844ರ ಜೂನ್ 27ರಂದು ಉದ್ರಿಕ್ತ ಗುಂಪೊಂದು ಜೈಲಿಗೆ ನುಗ್ಗಿ ಜೋಸೆಫ್ ಸ್ಮಿತ್‌ರನ್ನು ಕೊಂದಿತು. ಎರಡು ವರ್ಷಗಳೊಳಗೆ ಇಡೀ ಸಮುದಾಯ ಮನೆಮಾರು ಬಿಟ್ಟು ಪಶ್ಚಿಮಕ್ಕೆ ಹೊರಟಿತು.

ಎಮಲಿನ್ ಹುಟ್ಟಿದ್ದು ಮಸಾಚುಸೆಟ್ಸ್ ರಾಜ್ಯದ ಪೀಟರ್ಶ್ಯಾಮ್ ಎಂಬ ಹಳ್ಳಿಯಲ್ಲಿ, 1828ರ ಫೆಬ್ರವರಿ 29ರಂದು. ಮಕ್ಕಳೇ, ನಾಲ್ಕು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬ! ನಾಲ್ಕನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ತಾಯಿ ಮಗಳ ಓದನ್ನು ನಿಲ್ಲಿಸಲಿಲ್ಲ. ನ್ಯೂ ಸೇಲಂ ಅಕಾಡೆಮಿ ಎಂಬ ಶಾಲೆಯಲ್ಲಿ ಓದು ಮುಗಿಸಿ, ಹದಿನೈದರ ಹರೆಯದಲ್ಲೇ ಹಳ್ಳಿ ಶಾಲೆಯಲ್ಲಿ ಪಾಠ ಹೇಳತೊಡಗಿದರು. 1842ರಲ್ಲಿ, 14 ವರ್ಷದವರಾಗಿದ್ದಾಗ ತಾಯಿಯ ಹಿಂದೆಯೇ ಮಾರ್ಮನ್ ಪಂಥ ಸೇರಿದರು. ಊರಿನಲ್ಲಿ ನೆಂಟರಿಷ್ಟರಿಂದ ವಿರೋಧ ಬಂತು. ಮಗಳಿಗೆ ಒಂದು ಆಸರೆಯಾಗಲಿ ಎಂದು ತಾಯಿ 15ನೇ ವಯಸ್ಸಿನಲ್ಲಿ ಜೇಮ್ಸ್ ಹ್ಯಾರಿಸ್ ಎಂಬ ಹುಡುಗನಿಗೆ ಮದುವೆ ಮಾಡಿದರು. ಹುಡುಗನೂ ಅದೇ ಪ್ರಾಯದವನು.

ಹೆಣ್ಣುಮಗುವಿಗೆ ಆಸರೆ ಎಂದರೆ ಮದುವೆ ಎಂಬ ಲೆಕ್ಕ ನಮ್ಮ ಮನೆಗಳಲ್ಲೂ ಇನ್ನೂ ಪೂರ್ತಿ ಹೋಗಿಲ್ಲ. ಆ ಲೆಕ್ಕ ಎಮಲಿನ್ ಅವರಿಗೆ ಏನು ಕೊಟ್ಟಿತು ನೋಡಿ. 1844ರಲ್ಲಿ ಗಂಡನೊಂದಿಗೆ ನೌವೂ ಊರಿಗೆ ಬಂದರು. ಸೆಪ್ಟೆಂಬರಿನಲ್ಲಿ ಗಂಡು ಮಗು ಹುಟ್ಟಿತು, ಐದಾರು ವಾರಗಳಲ್ಲೇ ತೀರಿಕೊಂಡಿತು. ಅತ್ತೆ ಮಾವ ಪಂಥ ಬಿಟ್ಟು ಹೊರಟುಹೋದರು. ನವೆಂಬರಿನಲ್ಲಿ ಗಂಡ ಕೆಲಸ ಹುಡುಕಿಕೊಂಡು ಹೋದವನು ಹಿಂತಿರುಗಲೇ ಇಲ್ಲ. 16 ವರ್ಷದ ಹುಡುಗಿ ಪರಊರಿನಲ್ಲಿ ಮಗುವೂ ಇಲ್ಲದೆ, ಗಂಡನೂ ಇಲ್ಲದೆ ಒಬ್ಬಂಟಿಯಾದಳು. ಆಗ ಅವಳ ಕೈ ಹಿಡಿದದ್ದು ಕಲಿತ ವಿದ್ಯೆ. ಪಂಥದ ಹಿರಿಯರಾದ ನ್ಯೂಯಲ್ ವಿಟ್ನಿ ಅವರ ಮಕ್ಕಳಿಗೂ ಇತರರಿಗೂ ಪಾಠ ಹೇಳಿ ಬದುಕು ಕಂಡುಕೊಂಡಳು.

ಮಾರ್ಮನ್ನರಲ್ಲಿ ಆ ಕಾಲದಲ್ಲಿ ಬಹುಪತ್ನಿತ್ವ ರೂಢಿಯಲ್ಲಿತ್ತು. 1845ರಲ್ಲಿ ಎಮಲಿನ್ ತಮಗಿಂತ 33 ವರ್ಷ ಹಿರಿಯರಾದ ಈ ವಿಟ್ನಿ ಅವರ ಇನ್ನೊಬ್ಬ ಪತ್ನಿಯಾದರು. ವಿಟ್ನಿಯವರ ಮೊದಲ ಪತ್ನಿ ಎಲಿಜಬೆತ್ ಆನ್ ರಿಲೀಫ್ ಸೊಸೈಟಿಯ ಮೊದಲ ಪದಾಧಿಕಾರಿಗಳಲ್ಲಿ ಒಬ್ಬರು. ಅವರು ಎಮಲಿನ್‌ಗೆ ತಾಯಿಯಂತೆ ಆದರು. 1846ರ ಫೆಬ್ರವರಿಯ ಚಳಿಯಲ್ಲಿ ಈ ಕುಟುಂಬ ಮಿಸಿಸಿಪ್ಪಿ ನದಿ ದಾಟಿ ಹೊರಟಿತು. ದಾರಿಯ ಬಿಡಾರಗಳಲ್ಲೂ ಎಮಲಿನ್ ಮಕ್ಕಳನ್ನು ಕೂಡಿಸಿಕೊಂಡು ಪಾಠ ಮಾಡಿದರು. 1848ರಲ್ಲಿ ಬಂಡಿಗಳ ಸಾಲಿನಲ್ಲಿ ಸಾವಿರ ಮೈಲಿಗೂ ಮಿಕ್ಕ ಹಾದಿ ಸವೆಸಿ ಈಗಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಗೆ ಬಂದರು. ಅಲ್ಲಿ ಇಬ್ಬರು ಹೆಣ್ಣುಮಕ್ಕಳಾದರು. 1850ರಲ್ಲಿ ವಿಟ್ನಿ ತೀರಿಕೊಂಡರು. 22ನೇ ವಯಸ್ಸಿಗೆ ಎಮಲಿನ್ ವಿಧವೆ. ಮತ್ತೆ ಕರಿಹಲಗೆಯ ಮುಂದೆ ನಿಂತರು.

1852ರಲ್ಲಿ ಅವರು ತಾವೇ ಪತ್ರ ಬರೆದು ಕೇಳಿಕೊಂಡು ಡೇನಿಯಲ್ ವೆಲ್ಸ್ ಎಂಬ ಗಣ್ಯರನ್ನು ಮದುವೆಯಾದರು. ವೆಲ್ಸ್ ವಿಟ್ನಿಯವರ ಸ್ನೇಹಿತರು. ಮುಂದೆ ಚರ್ಚಿನ ಅತ್ಯುನ್ನತ ನಾಯಕರಲ್ಲೊಬ್ಬರಾದರು, ಸಾಲ್ಟ್ ಲೇಕ್ ಸಿಟಿಯ ಮೇಯರ್ ಆದರು. ಅವರಿಗೆ ಆಗಲೇ ಬೇರೆ ಪತ್ನಿಯರಿದ್ದರು. ಆ ಪತ್ನಿಯರು ದೊಡ್ಡ ಮನೆಯಲ್ಲಿ, ಎಮಲಿನ್ ತಮ್ಮ ಮಕ್ಕಳೊಂದಿಗೆ ಸ್ವಲ್ಪ ದೂರದ ಬೇರೆ ಮನೆಯಲ್ಲಿ. ಈ ಮದುವೆಯಿಂದ ಮೂವರು ಹೆಣ್ಣುಮಕ್ಕಳಾದರು. ಹೀಗೆ ಐವರು ಹೆಣ್ಣುಮಕ್ಕಳ ತಾಯಿ. ಪತಿ ಊರಿಗೆ ದೊಡ್ಡವರು, ಮನೆಗೆ ಅಪರೂಪದವರು.

ಈಗ ಪತ್ರಿಕೆಯ ವಿಷಯಕ್ಕೆ ಬರುತ್ತೇನೆ. 1872ರ ಜೂನ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ ‘ವುಮನ್ಸ್ ಎಕ್ಸ್‌ಪೋನೆಂಟ್’ ಎಂಬ ಪತ್ರಿಕೆ ಹೊರಟಿತು. ಮಹಿಳೆಯರೇ ಬರೆದು ಮಹಿಳೆಯರೇ ಸಂಪಾದಿಸಿದ ಪತ್ರಿಕೆ. ಅದರ ಮೊದಲ ಸಂಪಾದಕಿ ಲೂಲಾ ಗ್ರೀನ್ ಎಂಬ ಯುವತಿ. ಎಮಲಿನ್ 1873ರಿಂದ ‘ಬ್ಲಾಂಚ್ ಬೀಚ್‌ವುಡ್’ ಎಂಬ ಗುಪ್ತನಾಮದಲ್ಲಿ ಬರೆಯತೊಡಗಿದರು. ಹೆಣ್ಣಿಗೆ ಓದು ಬೇಕು, ದುಡಿದು ತಿನ್ನುವ ಶಕ್ತಿ ಬೇಕು, ಮದುವೆಯೊಂದೇ ಅವಳ ಬದುಕಿನ ಗುರಿಯಲ್ಲ ಎಂಬ ಖಡಕ್ ಮಾತುಗಳು ಆ ಹೆಸರಿನಲ್ಲಿ ಬರುತ್ತಿದ್ದವು. ಹಳೆಯ ನೆನಪುಗಳನ್ನು, ಮೃದು ಭಾವನೆಗಳನ್ನು ಬರೆಯಲು ‘ಆಂಟ್ ಎಮ್’ ಎಂಬ ಇನ್ನೊಂದು ಹೆಸರಿತ್ತು. 1877ರ ಜುಲೈಯಲ್ಲಿ ಅವರೇ ಸಂಪಾದಕಿಯಾದರು. 1914ರಲ್ಲಿ ಪತ್ರಿಕೆ ನಿಲ್ಲುವವರೆಗೆ ಆ ಕುರ್ಚಿ ಬಿಡಲಿಲ್ಲ. ಪತ್ರಿಕೆಯ ತಲೆಬರಹದ ಕೆಳಗೆ ತಮ್ಮ ಸಮುದಾಯದ ಹೆಂಗಸರ ಹಕ್ಕಿನ ಜೊತೆಗೆ ಎಲ್ಲ ದೇಶಗಳ ಹೆಂಗಸರ ಹಕ್ಕಿನ ಹೆಸರನ್ನೂ ಸೇರಿಸಿದರು. ನಮ್ಮವರಿಗೆ ಬೇಕಾದದ್ದು ಎಲ್ಲರಿಗೂ ಬೇಕು ಎಂಬ ಆ ದೊಡ್ಡ ಮನಸ್ಸನ್ನು ಗಮನಿಸಿ.

ನಾನು ಉರ್ದು ಕಲಿಸುವುದರಿಂದ ಒಂದು ಹೋಲಿಕೆ ಹೇಳದೆ ಇರಲಾರೆ. ನಮ್ಮ ಉಪಖಂಡದಲ್ಲಿ 1898ರಲ್ಲಿ ಲಾಹೋರಿನಿಂದ ‘ತಹಝೀಬೆ ನಿಸ್ವಾನ್’ ಎಂಬ ಉರ್ದು ಮಹಿಳಾ ವಾರಪತ್ರಿಕೆ ಹೊರಟಾಗ ಅದರ ಸಂಪಾದಕಿಯಾಗಿ ಕುಳಿತವರು ಮುಹಮ್ಮದಿ ಬೇಗಂ. ಅದೇ ಹೊತ್ತಿನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಎಮಲಿನ್ ತಮ್ಮ ಪತ್ರಿಕೆಯ ಕರಡು ತಿದ್ದುತ್ತಿದ್ದರು. ಒಬ್ಬರಿಗೊಬ್ಬರ ಹೆಸರು ಕೇಳಿರಲಾರರು. ಆದರೂ ಇಬ್ಬರೂ ಕಂಡುಕೊಂಡ ದಾರಿ ಒಂದೇ: ನಮ್ಮ ಮನೆಯ ಮಾತು ನಮ್ಮ ಕೈಯಿಂದಲೇ ಅಚ್ಚಾಗಲಿ.

ಪತ್ರಿಕೆ ನಡೆಸುವುದು ಸುಲಭವಿರಲಿಲ್ಲ. ಚರ್ಚಿನ ಹಣ ಅದಕ್ಕೆ ಬರುತ್ತಿರಲಿಲ್ಲ, ಚಂದಾದಾರರೇ ಆಧಾರ. ಪತಿಯ ವ್ಯವಹಾರಗಳು ನಷ್ಟಕ್ಕೆ ಬಿದ್ದ ಮೇಲೆ ಎಮಲಿನ್ ತಮ್ಮ ಸಂಸಾರವನ್ನೂ ಲೇಖನಿಯಿಂದಲೇ ನಡೆಸಬೇಕಾಯಿತು. ಗಿಡ್ಡ, ಸಣಕಲು ದೇಹದ ಈ ಹೆಣ್ಣು ಅಗ್ರಲೇಖನ ಬರೆದು, ಕರಡು ತಿದ್ದಿ, ಚಂದಾ ಲೆಕ್ಕ ನೋಡಿ, ಸಭೆಗಳಿಗೂ ಓಡಬೇಕಿತ್ತು.

ಪತ್ರಿಕೆ ಏನು ಮಾಡಿತು? ಮೂರು ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು ವಿದ್ಯೆ. 1870ರ ದಶಕದಲ್ಲಿ ಈ ಸಮುದಾಯ ತನ್ನ ಹೆಣ್ಣುಮಕ್ಕಳನ್ನು ವೈದ್ಯಕೀಯ ಓದಲು ದೇಶದ ಇನ್ನೊಂದು ತುದಿಗೆ ಕಳುಹಿಸಿತು. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ರೊಮೇನಿಯಾ ಪ್ರ್ಯಾಟ್ 1877ರಲ್ಲಿ, ಎಲ್ಲಿಸ್ ಶಿಪ್ 1878ರಲ್ಲಿ ಡಾಕ್ಟರರಾಗಿ ಹಿಂತಿರುಗಿದರು. ಇಬ್ಬರೂ ಆಗಲೇ ಮಕ್ಕಳ ತಾಯಂದಿರು. ಎಲ್ಲಿಸ್ ಶಿಪ್ 1879ರಲ್ಲಿ ಹೆರಿಗೆ ಮತ್ತು ಶುಶ್ರೂಷೆ ಕಲಿಸುವ ಶಾಲೆ ತೆರೆದರು. 1882ರಲ್ಲಿ ರಿಲೀಫ್ ಸೊಸೈಟಿ ‘ಡೆಸರೆಟ್ ಆಸ್ಪತ್ರೆ’ ಆರಂಭಿಸಿದಾಗ ಎಮಲಿನ್ ಅದರ ಆಡಳಿತ ಸಮಿತಿಯಲ್ಲಿದ್ದರು. ಈ ಸುದ್ದಿಗಳೂ, ಆರೋಗ್ಯದ ಬಗ್ಗೆ ವೈದ್ಯೆಯರ ಬರಹಗಳೂ ಪತ್ರಿಕೆಯ ಮೂಲಕ ದೂರದ ಹಳ್ಳಿಗಳ ಹೆಂಗಸರಿಗೆ ತಲುಪಿದವು.

ಎರಡನೆಯದು ಧಾನ್ಯ. 1876ರಲ್ಲಿ ಚರ್ಚಿನ ಮುಖ್ಯಸ್ಥ ಬ್ರಿಗ್ಹಾಂ ಯಂಗ್ ಎಮಲಿನ್‌ರನ್ನು ಕರೆದು ಬರಗಾಲಕ್ಕಾಗಿ ಗೋಧಿ ಸಂಗ್ರಹಿಸುವ ಹೊಣೆಯನ್ನು ಹೆಂಗಸರು ಹೊರಬೇಕೆಂದು ಹೇಳಿದರು. ಹಝ್ರತ್ ಯೂಸುಫ್ (ಅ.ಸ.) ಅವರು ಮಿಸ್ರ್ ದೇಶದಲ್ಲಿ ಕಣಜ ತುಂಬಿಸಿದ ಕಥೆ ನಮಗೆಲ್ಲ ಗೊತ್ತಿದೆ, ಬೈಬಲ್ ಓದುವ ಆ ಹೆಂಗಸರಿಗೂ ಗೊತ್ತಿತ್ತು. ಎಮಲಿನ್ ಪತ್ರಿಕೆಯಲ್ಲಿ ಕರೆ ಕೊಟ್ಟರು. ಸ್ವಂತ ಹೊಲವಿಲ್ಲದವರು ಕೊಯ್ಲಾದ ಹೊಲಗಳಲ್ಲಿ ಹಕ್ಕಲು ಆಯ್ದರು. ಕೆಲವು ಕಡೆ ಭಾನುವಾರ ಕೋಳಿ ಇಟ್ಟ ಮೊಟ್ಟೆಗಳನ್ನು ಸಂಘಕ್ಕೆಂದೇ ಮಾರಿ ದುಡ್ಡು ಕೂಡಿಸಿದರು. ಊರೂರಲ್ಲಿ ಸಂಘದ ಹೆಸರಿನಲ್ಲಿ ಕಣಜಗಳೆದ್ದವು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಭೂಕಂಪದಿಂದ ನೆಲಸಮವಾದಾಗ, ಮರುವರ್ಷ ಚೀನಾದಲ್ಲಿ ಕ್ಷಾಮ ಬಂದಾಗ ಇಲ್ಲಿಂದ ಹಿಟ್ಟು ಹೋಯಿತು. ಮೊದಲ ಮಹಾಯುದ್ಧದ ಕೊನೆಯ ವರ್ಷ 1918ರಲ್ಲಿ ಅಮೆರಿಕ ಸರ್ಕಾರಕ್ಕೆ ಎರಡು ಲಕ್ಷ ಬುಷೆಲ್‌ಗೂ ಮೀರಿದ ಗೋಧಿಯನ್ನು ಮಾರಲಾಯಿತು. ನಮ್ಮ ಲೆಕ್ಕದಲ್ಲಿ 50,000 ಕ್ವಿಂಟಾಲಿಗೂ ಹೆಚ್ಚು. ಹಿಂದೆ ಯಾವ ಸರ್ಕಾರ ಇವರ ಸಮುದಾಯವನ್ನು ಕಾನೂನಿನಿಂದ ಹಣಿದಿತ್ತೋ ಅದೇ ಸರ್ಕಾರದ ಅಧ್ಯಕ್ಷ ವುಡ್ರೋ ವಿಲ್ಸನ್ 1919ರಲ್ಲಿ ಆ ಊರಿಗೆ ಬಂದಾಗ ಈ ವೃದ್ಧೆಯನ್ನು ಭೇಟಿಯಾಗಿ ಧನ್ಯವಾದ ಹೇಳಿದರು. ಮೊಟ್ಟೆ ಮಾರಿದ ಕಾಸು ಎಲ್ಲಿಗೆ ತಲುಪಿತು ನೋಡಿ.

ಮೂರನೆಯದು ಮತದಾನದ ಹಕ್ಕು. ಯೂಟಾ ಆಗ ಪೂರ್ಣ ರಾಜ್ಯವಾಗಿರಲಿಲ್ಲ, ಕೇಂದ್ರದ ಅಧೀನದ ಪ್ರದೇಶವಾಗಿತ್ತು. 1870ರ ಫೆಬ್ರವರಿಯಲ್ಲಿ ಅಲ್ಲಿನ ಶಾಸನ ಸಭೆ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು. ಹೊರಗಿನ ಹಲವರು ಇದನ್ನು ಸ್ವಾಗತಿಸಿದ್ದರು. ಮಾರ್ಮನ್ ಹೆಂಗಸರ ಕೈಗೆ ಓಟು ಸಿಕ್ಕರೆ ಅವರು ಬಹುಪತ್ನಿತ್ವವನ್ನು ತಾವೇ ಕಿತ್ತೆಸೆಯುತ್ತಾರೆ ಎಂದು ಅವರ ಲೆಕ್ಕಾಚಾರ. ಹೆಂಗಸರು ಹಾಗೆ ಓಟು ಹಾಕಲಿಲ್ಲ. ಆಗ ಸಂಸತ್ತು ಏನು ಮಾಡಿತು ಗೊತ್ತೇ? 1887ರಲ್ಲಿ ಎಡ್ಮಂಡ್ಸ್-ಟಕರ್ ಕಾಯ್ದೆ ತಂದು ಯೂಟಾದ ಎಲ್ಲ ಮಹಿಳೆಯರ ಓಟನ್ನೂ ಕಿತ್ತುಕೊಂಡಿತು. ಬಹುಪತ್ನಿತ್ವದಲ್ಲಿದ್ದವರು, ಇಲ್ಲದವರು, ಮಾರ್ಮನ್ ಅಲ್ಲದವರು, ಎಲ್ಲರದ್ದೂ ಹೋಯಿತು. ಹೆಂಗಸರನ್ನು ಪಾರು ಮಾಡುತ್ತೇವೆ ಎಂದು ಹೊರಟವರು ಹೆಂಗಸರ ಕೈಯಲ್ಲಿದ್ದ ಹಕ್ಕನ್ನೇ ಕಸಿದರು.

ಎಮಲಿನ್ ಸುಮ್ಮನೆ ಕೂರಲಿಲ್ಲ. ಇದಕ್ಕೂ ಮೊದಲೇ, 1879ರ ಜನವರಿಯಲ್ಲಿ, ಅವರು ರೈಲು ಹತ್ತಿ ವಾಷಿಂಗ್ಟನ್‌ಗೆ ಹೋಗಿ ರಾಷ್ಟ್ರೀಯ ಮಹಿಳಾ ಮತದಾನ ಸಂಘದ ಸಮ್ಮೇಳನದಲ್ಲಿ ಮಾತನಾಡಿದ್ದರು. ಅಧ್ಯಕ್ಷ ರುದರ್‌ಫರ್ಡ್ ಹೇಯ್ಸ್‌ರನ್ನು ಕಂಡು ಅಹವಾಲು ಹೇಳಿದ್ದರು. ಮಾರ್ಮನ್ ಹೆಂಗಸರ ಜೊತೆ ವೇದಿಕೆ ಹಂಚಿಕೊಳ್ಳಲು ಒಪ್ಪದ ಮಹಿಳಾ ಸಂಘಟನೆಗಳು ಆಗ ಇದ್ದವು. ಆದರೆ ಆ ಚಳವಳಿಯ ದೊಡ್ಡ ನಾಯಕಿ ಸೂಸನ್ ಆಂಥನಿ ಬಾಗಿಲು ಮುಚ್ಚಲಿಲ್ಲ. ಆಂಥನಿಯವರು ಬಹುಪತ್ನಿತ್ವವನ್ನು ಒಪ್ಪಿದವರಲ್ಲ, ಎಮಲಿನ್ ತಮ್ಮ ಪಂಥವನ್ನು ಬಿಟ್ಟವರಲ್ಲ. ಹೀಗಿದ್ದೂ ಇಬ್ಬರ ಸ್ನೇಹ ಕೊನೆಯವರೆಗೆ ಉಳಿಯಿತು. ಆಂಥನಿ 1906ರಲ್ಲಿ ತೀರಿಕೊಂಡಾಗ ತಮ್ಮ ಚಿನ್ನದ ಉಂಗುರವನ್ನು ಎಮಲಿನ್‌ಗೆ ಬಿಟ್ಟುಹೋಗಿದ್ದರು. ಭಿನ್ನಾಭಿಪ್ರಾಯ ಇದ್ದವರ ಜೊತೆಗೂ ಒಂದು ಒಳ್ಳೆಯ ಕೆಲಸಕ್ಕೆ ಕೈ ಜೋಡಿಸಬಹುದು ಎಂಬುದನ್ನು ಆ ಉಂಗುರ ಹೇಳುತ್ತದೆ.

1890ರಲ್ಲಿ ಚರ್ಚಿನ ಅಧ್ಯಕ್ಷರು ಬಹುಪತ್ನಿತ್ವವನ್ನು ಕೈಬಿಡುವ ಪ್ರಕಟಣೆ ಹೊರಡಿಸಿದರು. 1895ರಲ್ಲಿ ಹೊಸ ರಾಜ್ಯದ ಸಂವಿಧಾನ ಬರೆಯುವಾಗ ಮಹಿಳೆಯರ ಓಟನ್ನು ಸೇರಿಸಲೇಬೇಕೆಂದು ಎಮಲಿನ್ ಮತ್ತು ಸಂಗಾತಿಗಳು ಜಿಲ್ಲೆ ಜಿಲ್ಲೆಗಳಲ್ಲಿ ಸಂಘ ಕಟ್ಟಿ ಒತ್ತಾಯಿಸಿದರು. 1896ರ ಜನವರಿ 4ರಂದು ಯೂಟಾ ರಾಜ್ಯವಾದಾಗ ಅದರ ಸಂವಿಧಾನದಲ್ಲಿ ಆ ಹಕ್ಕು ಇತ್ತು. ಅದೇ ವರ್ಷದ ಚುನಾವಣೆಯಲ್ಲಿ ಡಾ. ಮಾರ್ಥಾ ಹ್ಯೂಸ್ ಕ್ಯಾನನ್ ಎಂಬ ಮಾರ್ಮನ್ ವೈದ್ಯೆ ಅಮೆರಿಕದ ಮೊದಲ ಮಹಿಳಾ ರಾಜ್ಯ ಸೆನೆಟರ್ ಆಗಿ ಗೆದ್ದರು. ಸೋತವರಲ್ಲಿ ಅವರ ಪತಿಯೂ ಇದ್ದರು, ನಮ್ಮ ಎಮಲಿನ್ ಅವರೂ ಇದ್ದರು! ಎಮಲಿನ್ ಸೋತೆನೆಂದು ಕೂರಲಿಲ್ಲ. 1899ರಲ್ಲಿ, 71ನೇ ವಯಸ್ಸಿನಲ್ಲಿ, ಲಂಡನ್ನಿಗೆ ಹೋಗಿ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಮಾತನಾಡಿ ಬಂದರು.

ಮಿತ್ರರೇ, ಇಲ್ಲಿಗೇ ಭಾಷಣ ಮುಗಿಸಿದರೆ ಚಪ್ಪಾಳೆ ತಟ್ಟುವ ಸಾಧನೆಯ ಕಥೆಯಾಗುತ್ತದೆ. ಆದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಎಮಲಿನ್ ಅವರು ಪತ್ರಿಕೆಯ ಜೊತೆಗೆ ಇನ್ನೊಂದು ಕಡೆಯೂ ಬರೆಯುತ್ತಿದ್ದರು. ಅದು ಅವರ ದಿನಚರಿ. 1844ರಿಂದ 1920ರವರೆಗಿನ ಅವರ ದಿನಚರಿಯ 47 ಸಂಪುಟಗಳು ಉಳಿದಿವೆ. ಪತ್ರಿಕೆಯಲ್ಲಿ ಎಮಲಿನ್ ತಮ್ಮ ಸಮುದಾಯದ ಮದುವೆ ಪದ್ಧತಿಯನ್ನು ಧೈರ್ಯವಾಗಿ ಸಮರ್ಥಿಸಿಕೊಂಡರು. ನಾವು ಗುಲಾಮರಲ್ಲ, ನಮ್ಮ ಇಚ್ಛೆಯಿಂದ ಬಂದವರು, ನಮಗೂ ಬುದ್ಧಿಯಿದೆ ಎಂದು ಸಂಸತ್ತಿಗೂ ಪತ್ರಿಕೆಗಳಿಗೂ ಉತ್ತರ ಕೊಟ್ಟರು. ಅದೇ ಎಮಲಿನ್ ರಾತ್ರಿ ದಿನಚರಿ ತೆರೆದು, ಪತಿಯ ದಾರಿ ಕಾಯುವ ಸಂಜೆಗಳನ್ನು, ಬೇಕಾದಾಗ ಜೊತೆಗಿಲ್ಲದ ನೋವನ್ನು, ತನ್ನನ್ನು ಯಾರೂ ಮುದ್ದಿನಿಂದ ವಿಚಾರಿಸಿಕೊಳ್ಳುವುದಿಲ್ಲ ಎಂಬ ಒಂಟಿತನವನ್ನು ಬರೆದುಕೊಂಡರು. 1878ರಲ್ಲಿ ಮಗಳು ಎಮ್ಮಾ, 1887ರಲ್ಲಿ ಮಗಳು ಲೂಯಿ ತೀರಿಕೊಂಡ ದುಃಖವೂ ಅದೇ ಪುಟಗಳಲ್ಲಿದೆ. ಪತಿಯ ಜೀವಿತದ ಕೊನೆಯ ಕೆಲವು ವರ್ಷಗಳಲ್ಲಿ ಇಬ್ಬರೂ ಹತ್ತಿರವಾದರು, ಆ ಸಂತೋಷವನ್ನೂ ಬರೆದಿದ್ದಾರೆ. 1891ರಲ್ಲಿ ಪತಿ ತೀರಿಕೊಂಡರು.

ಹಾಗಾದರೆ ಎಮಲಿನ್ ಪತ್ರಿಕೆಯಲ್ಲಿ ಸುಳ್ಳು ಬರೆದರೇ? ನನಗೆ ಹಾಗನ್ನಿಸುವುದಿಲ್ಲ. ಅವರ ನಂಬಿಕೆಯೂ ನಿಜ, ಅವರ ಕಣ್ಣೀರೂ ನಿಜ. ಹೊರಗೆ ಇಡೀ ದೇಶ ಅವರ ಸಮುದಾಯವನ್ನು ಹಣಿಯಲು ನಿಂತಿತ್ತು. ಅಂಥ ಹೊತ್ತಿನಲ್ಲಿ ಒಳಗಿನ ಹೆಣ್ಣೊಬ್ಬಳು ತನ್ನ ನೋವಿನ ಒಂದು ಸಾಲು ಅಚ್ಚು ಹಾಕಿದರೂ ಮರುದಿನ ಅದು ವಿರೋಧಿಗಳ ಕೈಯಲ್ಲಿ ಕಲ್ಲಾಗುತ್ತಿತ್ತು. ಆದ್ದರಿಂದ ಅವರು ಸಮರ್ಥನೆಯನ್ನು ಪತ್ರಿಕೆಗೆ ಕೊಟ್ಟರು, ನೋವನ್ನು ದಿನಚರಿಗೆ ಕೊಟ್ಟರು. ಇವೆರಡರ ನಡುವೆ, ತನ್ನವರ ಮುಂದೆ ನಂಬಿಕೆಯಿಂದ ಮನಬಿಚ್ಚಿ ಹೇಳಬಹುದಾದ ಮೂರನೆಯ ಜಾಗ ಅವರಿಗೆ ಸಿಕ್ಕಿತೇ ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ಅವರ ಪದ್ಧತಿಯನ್ನೂ ನಮ್ಮ ಶರೀಅತ್ತಿನ ನಿಯಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಮ್ಮಲ್ಲಿ ಸಂಖ್ಯೆಯ ಮಿತಿಯಿದೆ, ನ್ಯಾಯದ ಷರತ್ತಿದೆ, ಹೆಣ್ಣಿಗೆ ಮಹರ್, ಆಸ್ತಿಯ ಪಾಲು, ಖುಲಾದ ಹಕ್ಕು ಇದೆ. ಆದರೆ ನಾನು ಹೇಳುತ್ತಿರುವುದು ಮದುವೆಯ ವಿಷಯವೊಂದನ್ನೇ ಅಲ್ಲ. ಹೊರಗಿನವರು ಬೆರಳು ತೋರಿಸುವ ಸಮುದಾಯದ ಹೆಣ್ಣುಮಗಳ ಹೆಗಲ ಮೇಲೆ ಒಂದು ವಿಶೇಷ ಭಾರವಿರುತ್ತದೆ. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಅವಳು ಸದಾ ತನ್ನವರ ವಕೀಲೆಯಾಗಿ ನಿಲ್ಲಬೇಕು. ಮನೆಗೆ ಬಂದು ‘ಅಬ್ಬಾ, ನನಗೆ ಇನ್ನೂ ಓದಬೇಕು’ ಎಂದರೆ, ‘ಅಮ್ಮೀ, ವರದಕ್ಷಿಣೆ ಕೇಳಿದ ಮನೆ ನನಗೆ ಬೇಡ’ ಎಂದರೆ, ‘ನನ್ನ ಪಾಲಿನ ಆಸ್ತಿ ಎಲ್ಲಿ’ ಎಂದು ಅಣ್ಣನನ್ನು ಕೇಳಿದರೆ, ‘ಹೊರಗೆ ನಮ್ಮ ಮಾನ ಹೋಗುತ್ತದೆ, ಸುಮ್ಮನಿರು’ ಎಂಬ ಉತ್ತರ ಬರುವುದುಂಟು. ಕುರ್‌ಆನ್ ಕೊಟ್ಟ ಹಕ್ಕನ್ನೇ ಕೇಳಿದರೂ ಅವಳು ಸಮುದಾಯದ ವಿರುದ್ಧ ಮಾತನಾಡಿದಳು ಎಂದಾಗುತ್ತದೆ. ಆಗ ಅವಳಿಗೂ ಉಳಿಯುವುದು ದಿನಚರಿಯೊಂದೇ. ಎಲ್ಲರಿಗೂ ಅದನ್ನು ಬರೆಯುವ ಅಕ್ಷರವೂ ಇರುವುದಿಲ್ಲ.

ಆ ಮೂರನೆಯ ಜಾಗವಾಗುವುದು ನಮ್ಮಂಥ ಸಂಘದ ಕೆಲಸ ಎಂದು ನಾನು ನಂಬಿದ್ದೇನೆ. ವಿದ್ಯಾರ್ಥಿವೇತನ ಕೊಡುವುದು, ಪುಸ್ತಕ ಹಂಚುವುದು, ಹಾಸ್ಟೆಲ್ ನಡೆಸುವುದು ಎಲ್ಲವೂ ಪುಣ್ಯದ ಕೆಲಸಗಳೇ. ಜೊತೆಗೆ ವರ್ಷಕ್ಕೆ ನಾಲ್ಕು ಸಲವಾದರೂ ಹೆಣ್ಣುಮಕ್ಕಳು ಮತ್ತು ತಾಯಂದಿರು ಕುಳಿತು, ಹೊರಗಿನವರ ಕಿವಿಗೆ ಹೆದರದೆ, ಒಳಗಿನವರ ಕೋಪಕ್ಕೂ ಹೆದರದೆ ಮಾತನಾಡುವ ಸಭೆ ಬೇಕು. ಆ ಸಭೆಯ ಮಾತು ಕಾರ್ಯಕಾರಿ ಸಮಿತಿಗೆ ತಲುಪಿ, ಅದರ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.

ನಡಾವಳಿ ಪುಸ್ತಕ ಎಂದೆ. ಅದು ಸಣ್ಣ ವಸ್ತುವಲ್ಲ. ನಾನು ಆರಂಭದಲ್ಲಿ ಹೇಳಿದ ಕಾರ್ಯದರ್ಶಿ ಎಲೈಜಾ ಸ್ನೋ, ಊರು ಬಿಟ್ಟು ಹೊರಟಾಗ ಆ 1842ರ ಸಂಘದ ನಡಾವಳಿ ಪುಸ್ತಕವನ್ನು ಬಂಡಿಯಲ್ಲಿ ಇಟ್ಟುಕೊಂಡು ಯೂಟಾದವರೆಗೆ ಒಯ್ದರು. ಸಂಘ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸ್ಥಗಿತವಾಗಿ, 1860ರ ದಶಕದಲ್ಲಿ ಮತ್ತೆ ಕಟ್ಟುವಾಗ ಊರೂರಿಗೆ ಆ ಪುಸ್ತಕ ಹಿಡಿದುಹೋಗಿ ನಿಯಮಗಳನ್ನು ಓದಿ ಹೇಳಿದರು. ಬರೆದಿಟ್ಟದ್ದು ಉಳಿದದ್ದರಿಂದ ಸಂಘ ಉಳಿಯಿತು.

ಎಮಲಿನ್ ಅವರ ಕೊನೆಯ ದಿನಗಳನ್ನೂ ಹೇಳಿಬಿಡುತ್ತೇನೆ. ಹಲವು ವರ್ಷ ರಿಲೀಫ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಅವರು 1910ರಲ್ಲಿ, 82ನೇ ವಯಸ್ಸಿನಲ್ಲಿ, ಅದರ ಅಧ್ಯಕ್ಷೆಯಾದರು. 1912ರಲ್ಲಿ, ಫೆಬ್ರವರಿ 29ರ ಹುಟ್ಟುಹಬ್ಬದಂದೇ, ಬ್ರಿಗ್ಹಾಂ ಯಂಗ್ ವಿಶ್ವವಿದ್ಯಾಲಯ ಅವರಿಗೆ ಸಾಹಿತ್ಯದ ಗೌರವ ಡಾಕ್ಟರೇಟ್ ನೀಡಿತು. 1914ರಲ್ಲಿ ‘ಎಕ್ಸ್‌ಪೋನೆಂಟ್’ ನಿಂತಿತು. ಅದನ್ನು ಸಂಘದ ಅಧಿಕೃತ ಪತ್ರಿಕೆಯಾಗಿ ಮುಂದುವರಿಸಬೇಕೆಂಬ ಅವರ ಆಸೆ ಕೈಗೂಡಲಿಲ್ಲ. 1915ರಲ್ಲಿ ಸಂಘ ಬೇರೆ ಪತ್ರಿಕೆಯನ್ನು ಬೇರೆ ಸಂಪಾದಕಿಯೊಂದಿಗೆ ಆರಂಭಿಸಿತು. 1920ರಲ್ಲಿ ಅಮೆರಿಕದ ಸಂವಿಧಾನ ತಿದ್ದುಪಡಿಯಾಗಿ ಮಹಿಳೆಯರ ಓಟು ಇಡೀ ದೇಶದ ಹಕ್ಕಾದದ್ದನ್ನು ಕಣ್ಣಾರೆ ಕಂಡರು. ಎಮ್ಮಾ ಅವರ ನಂತರ ಬಂದ, ಎಮಲಿನ್ ಅವರಿಗಿಂತ ಹಿಂದಿನ ಅಧ್ಯಕ್ಷೆಯರು ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಇವರ ಆರೋಗ್ಯ ಕೆಟ್ಟಿದೆ ಎಂದು 1921ರ ಏಪ್ರಿಲ್ ಆರಂಭದಲ್ಲಿ ಚರ್ಚಿನ ನಾಯಕರು ಅಧಿಕಾರದಿಂದ ಬಿಡುಗಡೆ ಮಾಡಿದರು. ಅದು ಅವರ ಮನಸ್ಸಿಗೆ ದೊಡ್ಡ ಪೆಟ್ಟಾಯಿತು. ಮೂರು ವಾರಗಳಲ್ಲಿ, ಏಪ್ರಿಲ್ 25ರಂದು, 93ನೇ ವಯಸ್ಸಿನಲ್ಲಿ ತೀರಿಕೊಂಡರು. 1928ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದಾಗ, ಯೂಟಾದ ಮಹಿಳೆಯರು ಅವರ ಅಮೃತಶಿಲೆಯ ಪ್ರತಿಮೆಯನ್ನು ರಾಜ್ಯದ ವಿಧಾನ ಭವನದಲ್ಲಿ ಇರಿಸಿದರು.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಒಳ್ಳೆಯ ಕನ್ನಡ ಬರೆಯುತ್ತೀರಿ, ಒಳ್ಳೆಯ ಉರ್ದು ಬರೆಯುತ್ತೀರಿ. ಪರೀಕ್ಷೆಗೆ ಬರೆದಂತೆ ನಿಮ್ಮ ಬದುಕನ್ನೂ ಬರೆಯಿರಿ. ಕನ್ನಡದಲ್ಲಿ ಬರೆದರೆ ನೆರೆಹೊರೆಯವರು ನಿಮ್ಮನ್ನು ನಿಮ್ಮ ಬಾಯಿಂದಲೇ ಅರಿಯುತ್ತಾರೆ. ಉರ್ದುವಿನಲ್ಲಿ ಬರೆದರೆ ನಿಮ್ಮ ನಾನಿ, ದಾದಿಯರೂ ಓದಿಸಿಕೊಂಡು ಕೇಳುತ್ತಾರೆ. ನಮ್ಮ ಸಂಘದ ಈ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷ ಕೆಲವು ಪುಟಗಳನ್ನು ನಿಮಗೆಂದೇ ಮೀಸಲಿಡಬೇಕು, ಅವುಗಳ ಸಂಪಾದಕಿಯೂ ನಿಮ್ಮಲ್ಲೊಬ್ಬಳೇ ಆಗಬೇಕು ಎಂದು ಅಧ್ಯಕ್ಷರಲ್ಲಿ ಈ ವೇದಿಕೆಯಿಂದಲೇ ವಿನಂತಿಸುತ್ತೇನೆ. ಆ ಪುಟಗಳಲ್ಲಿ ನಮಗೆ ಇಷ್ಟವಾಗದ ಮಾತೂ ಬರಬಹುದು. ಬರಲಿ. ತನ್ನ ಮಗಳ ದೂರನ್ನು ಕೇಳಿಸಿಕೊಳ್ಳಬಲ್ಲ ಸಮುದಾಯಕ್ಕೆ ಹೊರಗಿನವರ ಟೀಕೆಯ ಭಯ ಕಡಿಮೆ.

ಪವಿತ್ರ ಕುರ್‌ಆನಿನ ಒಂದು ಸೂರಾಕ್ಕೆ ಲೇಖನಿಯ ಹೆಸರೇ ಇದೆ: ಸೂರತುಲ್ ಕಲಂ. ಆ ಕಲಂ ಗಂಡುಮಕ್ಕಳ ಜೇಬಿಗಷ್ಟೇ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ನಿಮ್ಮ ಕೈಗೆ ಬಂದದ್ದನ್ನು ಕೆಳಗಿಡಬೇಡಿ.